ಲೆಕ್ಕಕ್ಕುಂಟು

ಓಬಳೇಶ ಮತ್ತೆ ಕಳಿಸಿದ್ದಾನೆ, ಇದು ಮೂರನೆಯ ಸಲ.
ನಲವತ್ತೇಳು ಸಾಲು: ಅಳಿಸಿದ್ದು ಒಂಬತ್ತು,
ಸೇರಿಸಿದ್ದು ಮೂವತ್ತೆಂಟು.
ರಾತ್ರಿ ಹನ್ನೊಂದೂಕಾಲು. ಲಿಂಗರಾಜಪುರದ ಮೇಲ್ಸೇತುವೆಯ ಕೆಳಗೆ
ಗೂಡ್ಸ್ ರೈಲು ಹಾಯುತ್ತಿದೆ,
ಕಿಟಕಿಯ ಗಾಜು ಸಣ್ಣಗೆ ಹಲ್ಲು ಕಡಿಯುತ್ತಿದೆ.
ಓದಲು ಕೂತೆ.

ಕರ್ನಲ್ಲಿನ ಒಳಮನೆಯಲ್ಲಿ ಯಾವತ್ತೂ ಇಕ್ಕಟ್ಟು.
ಬೇಕಾದ್ದು ಕೈಗೆಟುಕುವ ಹಾಗೆ ಕೆಳಗೆ,
ಬಹಳ ಹೊತ್ತಿನಿಂದ ಯಾರೂ ಮುಟ್ಟದ್ದು
ಅಟ್ಟಕ್ಕೆ,
ಡಿಸ್ಕಿನ ಮೂಲೆಗೆ, ಕತ್ತಲಿಗೆ, ನಿಧಾನಕ್ಕೆ.
ಇದಕ್ಕೆ ಸ್ವಾಪ್ ಅಂತಾರೆ.
ಅಟ್ಟಕ್ಕೂ ಬಾಡಿಗೆ ಉಂಟು.
ಯಾರ ಪುಟ ಎಷ್ಟು ಮೇಲಿದೆ ಎಂದು
ಗುಂಪಿಗೊಂದು ಖಾತೆ,
ಖಾತೆಗೊಂದು ಮಿತಿ,
ಮಿತಿ ಮುಟ್ಟಿದ ಮೇಲೆ
ಕೊಲ್ಲಲು ಒಬ್ಬ ಕಾದಿದ್ದಾನೆ, ದಾಕ್ಷಿಣ್ಯ ಗೊತ್ತಿಲ್ಲದವನು.

ಓಬಳೇಶ ಜಾಣ. ಹೆಸರುಗಳನ್ನು ಚೆನ್ನಾಗಿ ಇಡುತ್ತಾನೆ,
ಬೀಗ ಹಾಕಿದವನು ತೆಗೆಯುವುದನ್ನೂ ಮರೆಯುವುದಿಲ್ಲ
(ಮೊದಲ ಸಲ ಮರೆತಿದ್ದ).
ಪುಟ ಮೇಲೆ ಹೋದಾಗ ಒಂದು ಕೂಡಿಸಿದ,
ಕೆಳಗೆ ಬಂದಾಗ ಒಂದು ಕಳೆದ.
ಸರಿ.
ಗುಂಪು ಸತ್ತರೆ ಅದರ ಋಣ ತಾಯಿಗುಂಪಿನ ತಲೆಗೆ.
ಅದೂ ಸರಿ. ಅಪರಕರ್ಮಕ್ಕೆ ಯಾರಾದರೂ ಒಬ್ಬರು ಬೇಕು.

ನಾನು ಕೋಡನ್ನು ಕೆಳಗಿನಿಂದ ಮೇಲಕ್ಕೆ ಓದುವವಳು.
ಹೊರಗೆ ಹೋಗುವ ಬಾಗಿಲು ಎಷ್ಟಿವೆ ಎಂದು ನೋಡಿಕೊಂಡೇ
ಮನೆಯೊಳಗೆ ಕಾಲಿಡುವುದು.
ಒಂದು. ಎರಡು.
ಮೂರನೆಯದರ ಹತ್ತಿರ, ನೂರಾ ಹನ್ನೆರಡನೆಯ ಸಾಲು,
ನಿಲ್ಲು ಮಾರಾಯ.
ಖಾತೆಗೆ ಬರೆದಾಯಿತು, ಆಮೇಲೆ ಅಟ್ಟದಲ್ಲಿ ಜಾಗ ಹುಡುಕಿದೆ.
ಸಿಗಲಿಲ್ಲ ಅನ್ನು.
ಋಣಸಂಖ್ಯೆಯೊಂದನ್ನು ಕೈಯಲ್ಲಿ ಹಿಡಿದು
ಸಪ್ಪೆ ಮುಖದಲ್ಲಿ ವಾಪಸು ಹೊರಟೆ,
ಬರೆದದ್ದನ್ನು ಅಳಿಸದೆ.

ಪುಟ ಮೇಲೆ ಹೋಗಲೇ ಇಲ್ಲ. ಖಾತೆಯಲ್ಲಿ ಮಾತ್ರ ಹೋಗಿದೆ.
ಕಾಕ್ಸ್‌ಟೌನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ
ಅಳುವ ತಮ್ಮ ತಂಗಿಯರನ್ನು
ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಸೇರಿಸಿಕೊಳ್ಳುತ್ತಿದ್ದೆವಲ್ಲ,
ಇದು ಅದರ ತಲೆಕೆಳಗು:
ಲೆಕ್ಕಕ್ಕುಂಟು. ಆಟಕ್ಕಿಲ್ಲ.
ದಿನಕ್ಕೆರಡು ಇಂಥವು ಸೇರಿದರೆ ಸಾಕು,
ಎಂದೋ ಒಂದು ನಡುರಾತ್ರಿ
ಖಾಲಿ ಅಟ್ಟದ ಕೆಳಗೆ ಒಂದು ಬಡಪಾಯಿ ಪ್ರೋಗ್ರಾಮು
ಜಾಗವಿಲ್ಲದೆ ಸಾಯುತ್ತದೆ.
ಮಹಜರಿನಲ್ಲಿ ತಪ್ಪು ಅದರದ್ದೇ ಅಂತಿರುತ್ತದೆ.

ಗೆಲ್ಲುವ ದಾರಿಗೆ ಎಲ್ಲರೂ ದೀಪ ಹಿಡಿಯುತ್ತಾರೆ, ಓಬಳೇಶ,
ಸೋಲುವ ದಾರಿಯಲ್ಲಿ ಯಾರೂ ಒಮ್ಮೆಯಾದರೂ ನಡೆದು ನೋಡುವುದಿಲ್ಲ—
ಹೀಗೆ ಬರೆದೆ. ಅಳಿಸಿದೆ. ಜಾಸ್ತಿಯಾಯಿತು.
"ಸಾಲು ೧೧೨: ಹಿಂದಿರುಗುವ ಮುನ್ನ ಕಳೆಯಬೇಕು. ಉಳಿದದ್ದು ಚೆನ್ನಾಗಿದೆ"
ಅಂತಷ್ಟೇ ಹಾಕಿ ಲ್ಯಾಪ್‌ಟಾಪು ಮುಚ್ಚಿದೆ.

ನೀರು ಕುಡಿಯಲು ಎದ್ದರೆ ಫ್ರಿಡ್ಜಿನ ಬಾಗಿಲ ಮೇಲೆ
ಫ್ಲಾಟಿನ ಸಂಘದ ಬಿಲ್ಲು:
ನೀರು, ಲಿಫ್ಟು, ಜನರೇಟರು,
ದ್ವಿಚಕ್ರ ವಾಹನ ಒಂದಕ್ಕೆ ನೂರೈವತ್ತು.
ಸ್ಕೂಟರು ಮಾರಿ ಹದಿನಾಲ್ಕು ತಿಂಗಳು.
ಕಮ್ಮನಹಳ್ಳಿಯ ಮೆಕ್ಯಾನಿಕ್ ನವಾಜ್
ತಳ್ಳಿಕೊಂಡೇ ಹೋದ, ಸ್ಟಾರ್ಟ್ ಆಗಲಿಲ್ಲ.
ಕಾರ್ಯದರ್ಶಿ ಪಿಂಟೊ ಅವರನ್ನು ಕೇಳಿದ್ದೆ.
"ಸಿಸ್ಟಮ್ಮಿನಲ್ಲಿ ಇದೆಯಲ್ಲ ಮೇಡಂ, ಒಂದು ಅರ್ಜಿ ಕೊಡಿ."
ಅರ್ಜಿ ಅಂದರೆ ಒಂದೇ ಸಾಲು.
ಬರೆದಿಲ್ಲ.

ಕೆಳಗೆ ನೆಲಮಾಳಿಗೆಯಲ್ಲಿ, ನನ್ನ ಹೆಸರಿನ ಹಳದಿ ಚೌಕದಲ್ಲಿ,
ಹಳೆಯ ಎಣ್ಣೆಕಲೆಯ ಮೇಲೆ
ಒಂದು ಕಂದು ಬೆಕ್ಕು ಮಲಗುತ್ತದೆ.
ಯಾರಾದರೂ ಬೈಕು ತಂದು ನಿಲ್ಲಿಸಲು ಹೋದರೆ
"ಅದು ಬುಕ್ ಆಗಿದೆ ಸಾರ್" ಅನ್ನುತ್ತಾನೆ ವಾಚ್‌ಮನ್ ಬೀರಪ್ಪ,
ಬಿಲ್ಲನ್ನೇ ಸಾಕ್ಷಿ ಮಾಡಿ.
ಕಳೆದ ವಾರ ಮರಿ ಹಾಕಿದೆ. ಮೂರೋ ನಾಲ್ಕೋ,
ಎಣಿಸಲು ಬಗ್ಗಿದರೆ
ಗುರ್ ಅನ್ನುತ್ತದೆ.